ಆಟದ ಸಿಟ್ಟು, ನೋಟದ ನಗೆ



ಪೀಣ್ಯದ ಕಾರ್ಖಾನೆಗಳ ಹಿಂಬದಿಯ ಬೀದಿಯೊಂದರಲ್ಲಿ ಒಂದು ಬಾಡಿಗೆ ಮನೆಯನ್ನು ಕಲ್ಪಿಸಿಕೊಳ್ಳಿ. ರಾತ್ರಿ ಎಂಟೂವರೆ ಗಂಟೆ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದ ತಾಯಿ ಮುದ್ದೆ ತೊಳಸಿ ಇಳಿಸಿದ್ದಾಳೆ. ಹತ್ತನೆಯ ತರಗತಿಯ ಮಗ ಗೋಡೆಗೆ ಒರಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನೊಳಗೆ ಯುದ್ಧ ಮಾಡುತ್ತಿದ್ದಾನೆ. ಅವನ ಫೋನಿಗೆ ನೆಟ್ ಬರುತ್ತಿರುವುದು ತಾಯಿಯ ಫೋನಿನ ಹಾಟ್‌ಸ್ಪಾಟ್‌ನಿಂದ.

'ಬಾರೋ, ಮುದ್ದೆ ಆರೋಗ್ತದೆ.'

'ಎರಡೇ ನಿಮಿಷ ಇರಮ್ಮ.'

ಎರಡು ನಿಮಿಷ ಹತ್ತಾಗುತ್ತದೆ. ಅಷ್ಟರಲ್ಲಿ ಕುಣಿಗಲ್ ಕಡೆಯ ಹಳ್ಳಿಯಿಂದ ಅಜ್ಜಿ ಫೋನ್ ಮಾಡುತ್ತಾಳೆ. ತಾಯಿ ಫೋನ್ ಎತ್ತಿಕೊಂಡ ಗಳಿಗೆಗೆ ಹಾಟ್‌ಸ್ಪಾಟ್ ತಡವರಿಸುತ್ತದೆ, ಮಗನ ಆಟ ಅಲ್ಲೇ ನಿಂತುಬಿಡುತ್ತದೆ. 'ಸತ್ತೆ! ಸತ್ತೇಹೋದೆ! ನಿನ್ನಿಂದಾನೇ ಸತ್ತೆ!' ಎಂದು ಕಿರುಚಿ ಹುಡುಗ ದಿಂಬನ್ನು ಗೋಡೆಗೆ ಎಸೆಯುತ್ತಾನೆ. ಆ ಕಡೆ ಅಜ್ಜಿಗೆ ಕೇಳಿಸಿದ್ದು ಒಂದೇ ಮಾತು, ಸತ್ತೆ ಎಂದು. ಆಕೆ ಅಳಲು ತೊಡಗುತ್ತಾಳೆ. ಕೆಳಗಿನ ಮನೆಯ ಮಾಲೀಕರು ಪಂಚೆ ಕಟ್ಟಿಕೊಳ್ಳುತ್ತಾ ಮೆಟ್ಟಿಲು ಹತ್ತಿ ಬರುತ್ತಾರೆ.

ಇದು ಕಲ್ಪಿತ ದೃಶ್ಯವೇ ಸರಿ. ಆದರೆ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರಿಗೆ ಇದರ ಒಂದು ತುಣುಕಾದರೂ ಪರಿಚಿತವಾಗಿರಬೇಕು. ಆಟದಲ್ಲಿ ಸೋತು ಕೆರಳುವ ಹದಿಹರೆಯದ ಹುಡುಗ ಇಂದು ಹಾಸ್ಯಕ್ಕೆ ಹೇಳಿ ಮಾಡಿಸಿದ ಪಾತ್ರ. ಈ ಪಾತ್ರವನ್ನು ಕಂಡು ಜನ ನಗುವುದೇಕೆ, ಆ ನಗೆ ಯಾವಾಗ ಆರೋಗ್ಯಕರ, ಯಾವಾಗ ಕ್ರೂರ ಎಂಬುದೇ ಇಂದಿನ ಮಾತಿನ ವಿಷಯ.

ನಿಜವೆಂದು ನಂಬಿದ ನಟನೆ

ಈ ಪಾತ್ರದ ಅತಿ ಪ್ರಸಿದ್ಧ ಉದಾಹರಣೆ ಜರ್ಮನಿಯದು. 2000ದ ದಶಕದ ನಡುವಿನಲ್ಲಿ ಅಲ್ಲಿನ ಹದಿಹರೆಯದ ಹುಡುಗನೊಬ್ಬ ತನ್ನ ಕೋಣೆಯಲ್ಲಿ ಕುಳಿತು ಕೆಲವೇ ನಿಮಿಷಗಳ ಒಂದು ವಿಡಿಯೊ ಮಾಡಿದ. ಅದರಲ್ಲಿ ಅವನು 'ಅನ್‌ರಿಯಲ್ ಟೂರ್ನಮೆಂಟ್' ಎಂಬ ಗುಂಡು ಹಾರಿಸುವ ಆಟ ಆಡಲು ಹೊರಡುತ್ತಾನೆ. ಕಂಪ್ಯೂಟರ್ ನಿಧಾನ, ಆಟ ತೆರೆದುಕೊಳ್ಳುವುದೇ ಇಲ್ಲ. ಹುಡುಗ ಮೊದಲು ಗೊಣಗುತ್ತಾನೆ, ಆಮೇಲೆ ಕಿರುಚುತ್ತಾನೆ, ಕೊನೆಗೆ ಕೀಲಿಮಣೆಯನ್ನೇ ಮೇಜಿಗೆ ಬಡಿಯುತ್ತಾನೆ. ಅದರ ಗುಂಡಿಗಳು ಕಿತ್ತು ಹಾರುತ್ತವೆ. 2006ರ ಹೊತ್ತಿಗೆ ಈ ತುಣುಕು ಯೂಟ್ಯೂಬ್ ಮೂಲಕ ಲೋಕವನ್ನೆಲ್ಲ ಸುತ್ತಿತು. ಭಾಷೆ ತಿಳಿಯದವರೂ ಬಿದ್ದು ಬಿದ್ದು ನಕ್ಕರು.

ಅದು ನಟನೆಯಾಗಿತ್ತು. ಆದರೆ ಬಹಳ ಜನ ಅದನ್ನು ನಿಜವೆಂದೇ ಭಾವಿಸಿದರು. ಅದಕ್ಕೆ ಜರ್ಮನಿಯಲ್ಲಿ ಕಾರಣವೂ ಇತ್ತು. 2002ರಲ್ಲಿ ಏರ್‌ಫುರ್ಟ್ ನಗರದ ಶಾಲೆಯೊಂದರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಗುಂಡು ಹಾರಿಸಿ 16 ಮಂದಿಯನ್ನು ಕೊಂದಿದ್ದ. ಗುಂಡಿನ ಆಟಗಳೇ ಮಕ್ಕಳನ್ನು ಕೊಲೆಗಡುಕರನ್ನಾಗಿ ಮಾಡುತ್ತಿವೆ ಎಂಬ ವಾದ ಆ ಬಳಿಕ ಅಲ್ಲಿ ಬಿಸಿಯಾಗಿಯೇ ಇತ್ತು. ಅಂಥ ಹೊತ್ತಿನಲ್ಲಿ ಈ ಕಿರುಚಾಟದ ಹುಡುಗ ಸಿಕ್ಕಿದ. ಟಿ.ವಿ. ವರದಿಯೊಂದು ಅವನನ್ನು ಆಟದ ಚಟಕ್ಕೆ ಬಿದ್ದ ಯುವಕನ ನಿಜ ಚಿತ್ರವೆಂಬಂತೆ ತೋರಿಸಿತು. ನಗಿಸಲು ಮಾಡಿದ್ದು ಹೆದರಿಸುವ ಸಾಕ್ಷಿಯಾಯಿತು.

ವರ್ಷಗಳು ಕಳೆದು ದೊಡ್ಡವನಾದ ಮೇಲೆ ಆತ ತಾನೇ ಮುಂದೆ ಬಂದು ಅದು ನಟನೆ ಎಂದು ಹೇಳಿದ. ಗೇಲಿಯಿಂದ ತಾನು ನೊಂದದ್ದನ್ನೂ ಹೇಳಿಕೊಂಡ. ಒಂದು ಹಾಸ್ಯದ ತುಣುಕಿಗೆ ಇಷ್ಟು ಬೆಲೆ ತೆರಬೇಕಾದುದು ಏಕೆ? ಉತ್ತರಕ್ಕೆ ಜರ್ಮನಿಯವರೆಗೆ ಹೋಗಬೇಕಾಗಿಲ್ಲ. ಸಿಟ್ಟು ಯಾವಾಗ ನಗೆಯಾಗುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಎತ್ತಿಕೊಂಡಿದ್ದರು.

ರೌದ್ರವೂ ಅದರ ಆಭಾಸವೂ

ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸಗಳ ವಿಚಾರವಿದೆ. ಅಲ್ಲಿ ರೌದ್ರದ ಬಣ್ಣ ಕೆಂಪು, ಹಾಸ್ಯದ್ದು ಬಿಳಿ. ಶೃಂಗಾರದಿಂದ ಹಾಸ್ಯ, ರೌದ್ರದಿಂದ ಕರುಣ ಹುಟ್ಟುತ್ತದೆ ಎನ್ನುತ್ತಾನೆ ಭರತ. ಅಂದರೆ ಸಿಟ್ಟು ತನ್ನ ಕೆಲಸ ಮುಗಿಸಿ ಹೋದ ಜಾಗದಲ್ಲಿ ಉಳಿಯುವುದು ದುಃಖ. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತ ಇದಕ್ಕೆ ಇನ್ನೊಂದು ಮಾತು ಸೇರಿಸಿದ. ಯಾವುದೇ ರಸವಾಗಲಿ, ಅನುಚಿತವಾದ ಕಡೆ ಹರಿದರೆ ಅದು ರಸವಾಗದೆ ರಸಾಭಾಸವಾಗುತ್ತದೆ. ಆ ಆಭಾಸ ನೋಡುವವನಿಗೆ ಹಾಸ್ಯವಾಗುತ್ತದೆ.

ದುಶ್ಶಾಸನನ ಮೇಲೆ ಭೀಮ ಕೆರಳಿದರೆ ಅದು ರೌದ್ರ. ಅದೇ ಭೀಮ ಅಡುಗೆಮನೆಯ ಸೌಟಿನ ಮೇಲೆ ಕೆರಳಿದರೆ ರೌದ್ರದ ಆಭಾಸ. ಕಣ್ಣು ಕೆಂಪಾಗುವುದು, ತುಟಿ ಕಚ್ಚುವುದು, ಮುಷ್ಟಿ ಬಿಗಿಯುವುದು ಎರಡರಲ್ಲೂ ಒಂದೇ. ವ್ಯತ್ಯಾಸ ಇರುವುದು ಎದುರಿಗೆ ಯಾರಿದ್ದಾರೆ ಎಂಬುದರಲ್ಲಿ. ಜರ್ಮನ್ ಹುಡುಗನ ಎದುರಿಗೆ ಇದ್ದುದು ಒಂದು ಪ್ಲಾಸ್ಟಿಕ್ ಕೀಲಿಮಣೆ. ಆ ಬಡಪಾಯಿ ವಸ್ತು ತಪ್ಪು ಮಾಡಿಲ್ಲ, ತಿರುಗಿ ಮಾತಾಡುವುದೂ ಇಲ್ಲ. ಅದಕ್ಕೇ ನಗೆ.

ಕನ್ನಡ ಚಿತ್ರರಂಗದ ಅತಿ ಪ್ರಸಿದ್ಧ ಸಿಟ್ಟಿನ ಹುಡುಗನನ್ನು ಇಲ್ಲಿ ಪಕ್ಕದಲ್ಲಿಟ್ಟು ನೋಡಬಹುದು. 1972ರಲ್ಲಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ 'ನಾಗರಹಾವು' ಚಿತ್ರದ ರಾಮಾಚಾರಿಯೂ ಮೂಗಿನ ತುದಿಯಲ್ಲೇ ಸಿಟ್ಟಿದ್ದ ವಿದ್ಯಾರ್ಥಿ. ತ.ರಾ.ಸು. ಅವರ ಕಾದಂಬರಿಗಳಿಂದ ಬಂದು, ವಿಷ್ಣುವರ್ಧನ್ ಅವರಿಂದ ಜೀವ ಪಡೆದ ಆ ಪಾತ್ರವನ್ನು ನೋಡಿ ಯಾರೂ ನಗಲಿಲ್ಲ. ಏಕೆಂದರೆ ಅವನ ಸಿಟ್ಟಿನ ಎದುರು ನಿಂತಿದ್ದು ಅವಮಾನ, ಜಾತಿ, ಪ್ರೀತಿಗೆ ಅಡ್ಡ ಬಂದ ಊರು. ಅಲ್ಲಿ ಭರತ ಹೇಳಿದಂತೆಯೇ ಆಯಿತು. ರೌದ್ರ ಕೊನೆಗೆ ಕರುಣಕ್ಕೇ ಇಳಿಯಿತು. ಅಷ್ಟಾದರೂ ಆ ಹುಡುಗನಿಗೆ ಚಾಮಯ್ಯ ಮೇಷ್ಟ್ರು ಎಂಬ ಒಬ್ಬರಿದ್ದರು. ಎಲ್ಲರೂ ಬೈದಾಗ ಇವನಿಗೇಕೆ ಸಿಟ್ಟು ಬಂತು ಎಂದು ಕೇಳುವ ಮನುಷ್ಯ ಅವರು.

ಕನ್ನಡದ ಹಾಸ್ಯವೂ ಈ ಪ್ರಶ್ನೆಯನ್ನು ಬಿಟ್ಟಿಲ್ಲ. ಟಿ.ಪಿ. ಕೈಲಾಸಂ ಅವರ 'ಟೊಳ್ಳು ಗಟ್ಟಿ' ನಾಟಕದಲ್ಲಿ ಪರೀಕ್ಷೆಯಲ್ಲಿ ಮುಂದಿರುವ ಮಗನನ್ನು ತಂದೆ ಮೆರೆಸುತ್ತಾನೆ, ಓದಿನಲ್ಲಿ ಹಿಂದೆ ಬಿದ್ದ ಮಗನನ್ನು ಜರಿಯುತ್ತಾನೆ. ಜನ ನಗುತ್ತಾ ನಗುತ್ತಾ ಯಾರು ಟೊಳ್ಳು, ಯಾರು ಗಟ್ಟಿ ಎಂದು ಕಂಡುಕೊಳ್ಳುತ್ತಾರೆ. ಅಲ್ಲಿ ನಗೆಗೆ ಗುರಿಯಾಗುವುದು ಮಗನಿಗಿಂತ ಹೆಚ್ಚಾಗಿ ಮನೆಯವರ ಅಳತೆಗೋಲು. ಒಳ್ಳೆಯ ಹಾಸ್ಯದ ಲಕ್ಷಣವೇ ಇದು. ಹಾಸ್ಯಪಾತ್ರದ ಸುತ್ತ ಇರುವವರನ್ನೂ ಅದು ಬೆಳಕಿಗೆ ತರುತ್ತದೆ.

2012ರ ಹಾಲಿವುಡ್ ಕಾರ್ಟೂನ್ ಚಿತ್ರ 'ರೆಕ್-ಇಟ್ ರಾಲ್ಫ್' ಇದನ್ನೇ ಬೇರೆ ದಾರಿಯಲ್ಲಿ ಮಾಡಿತು. ಅಲ್ಲಿ ಸಿಟ್ಟಿರುವುದು ಆಡುವವನಿಗಲ್ಲ, ಆಟದೊಳಗಿನ ಖಳನಿಗೆ. 30 ವರ್ಷ ಕಟ್ಟಡ ಒಡೆಯುವ ಪಾತ್ರ ಮಾಡಿದ ರಾಲ್ಫ್‌ನನ್ನು ಆಟದ ವಾರ್ಷಿಕೋತ್ಸವಕ್ಕೆ ಯಾರೂ ಕರೆಯುವುದಿಲ್ಲ. ಕರೆಯದ ಔತಣಕ್ಕೆ ಹೋಗಿ ಅವನು ಮಾಡುವ ರಂಪಾಟ ಕಂಡು ಮಕ್ಕಳು ನಗುತ್ತಾರೆ. ಆದರೆ ಅವನಿಗೆ ಸಿಟ್ಟು ಏಕೆ ಬಂತೆಂದು ಆ ಮಕ್ಕಳಿಗೆ ಗೊತ್ತಿರುತ್ತದೆ.

ನಿಲ್ಲಿಸಲಾಗದ ಆಟ

ಹಾಗಾದರೆ ಪೀಣ್ಯದ ನಮ್ಮ ಹುಡುಗನಿಗೆ ಸಿಟ್ಟು ಬಂದದ್ದು ಏಕೆ? ಇದಕ್ಕೆ ಆಟದ ಒಳಗಿನ ಏರ್ಪಾಡನ್ನು ಸ್ವಲ್ಪ ತಿಳಿಯಬೇಕು.

ಇಂದಿನ ತಂದೆತಾಯಿಗಳು ಚಿಕ್ಕವರಿದ್ದಾಗ ಟಿ.ವಿ.ಗೆ ಪೆಟ್ಟಿಗೆಯೊಂದನ್ನು ಜೋಡಿಸಿ, ಕ್ಯಾಸೆಟ್ ತುರುಕಿ ಮಾರಿಯೋ, ಕಾಂಟ್ರಾ ಆಡಿದವರು. ಅಮ್ಮ ಕರೆದರೆ ಒಂದು ಗುಂಡಿ ಒತ್ತಿ ಆಟವನ್ನು ನಿಲ್ಲಿಸಿ, ಉಂಡು ಬಂದು ಅಲ್ಲಿಂದಲೇ ಮುಂದುವರಿಸಬಹುದಿತ್ತು. ಪಾರ್ಲರಿನಲ್ಲಿ ನಾಣ್ಯ ಹಾಕಿ ಆಡಿದವರಿಗೆ ಕಾಸು ಮುಗಿದರೆ ಆಟವೂ ಮುಗಿಯಿತು. ಆಮೇಲೆ ಸೈಬರ್ ಕೆಫೆಗಳು ಬಂದವು. ಅಲ್ಲಿ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಸ್ನೇಹಿತರು ಒಂದೇ ಕೋಣೆಯಲ್ಲಿ ಎದುರುಬದುರು ಕುಳಿತು ಆಡಿದರು. 2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. 2020ರ ಲಾಕ್‌ಡೌನಿನಲ್ಲಿ ಪಾಠಕ್ಕೆಂದು ಮೊಬೈಲು ಮಕ್ಕಳ ಕೈಗೆ ಬಂತು. ಬಂದದ್ದು ಹಿಂದಕ್ಕೆ ಹೋಗಲಿಲ್ಲ.

ಪಬ್ಜಿಯಂಥ ಆಟದಲ್ಲಿ 100 ಮಂದಿ ಒಂದೇ ದ್ವೀಪಕ್ಕೆ ಇಳಿಯುತ್ತಾರೆ. ಕೊನೆಗೆ ಉಳಿದವರು ಗೆದ್ದಂತೆ. ನಾಲ್ವರು ಸೇರಿ ಒಂದು ತಂಡವಾಗಬಹುದು. ಪೀಣ್ಯದವನ ಜೊತೆಗಾರರು ಕಲಬುರಗಿಯಲ್ಲೋ ಗುವಾಹಟಿಯಲ್ಲೋ ಇರಬಹುದು. ಒಂದು ಪಂದ್ಯ ಅರ್ಧ ಗಂಟೆಯವರೆಗೂ ನಡೆಯುತ್ತದೆ, ನಡುವೆ ನಿಲ್ಲಿಸಿಡುವ ಗುಂಡಿ ಇಲ್ಲ. ಒಬ್ಬ ಊಟಕ್ಕೆಂದು ಎದ್ದರೆ ಉಳಿದ 99 ಮಂದಿಯ ಆಟ ನಿಲ್ಲುವುದಿಲ್ಲ. ಎದ್ದವನು ಸಾಯುತ್ತಾನೆ, ತಂಡದ ಮೂವರು ಬೈಯುತ್ತಾರೆ, ದಿನಗಟ್ಟಲೆ ಕೂಡಿಹಾಕಿದ ಅಂಕ ಇಳಿಯುತ್ತದೆ. ನೆಟ್ ಒಂದು ಕ್ಷಣ ತಡವಾದರೂ ಅಷ್ಟೇ. ಗುರಿ ಸರಿಯಿದ್ದು, ಬೆರಳು ಸರಿಯಿದ್ದು, ತಂತಿಯ ತಪ್ಪಿಗೆ ಸೋಲು.

ತಾಯಿಗೆ ಇದು ಗೊತ್ತಿಲ್ಲ. ಆಕೆಯ ಲೆಕ್ಕದಲ್ಲಿ ಆಟ ಎಂದರೆ ಕರೆದಾಗ ಬಿಟ್ಟು ಬರುವಂಥದ್ದು. ಮಗನಿಗೆ ಆಕೆಯ ಲೆಕ್ಕ ಗೊತ್ತಿಲ್ಲ. ಬೆಳಿಗ್ಗೆಯಿಂದ ಮಿಷನ್ನಿನ ಮುಂದೆ ಕುಳಿತು ಬಂದವಳಿಗೆ ಮಗನೊಡನೆ ಉಣ್ಣುವ ಹೊತ್ತು ಅದೊಂದೇ. ಇಬ್ಬರದೂ ನ್ಯಾಯವೇ. ಎರಡು ನ್ಯಾಯಗಳು ಎದುರುಬದುರಾಗಿ, ಒಂದಕ್ಕೊಂದು ಕಾಣದಿದ್ದಾಗ ಹಾಸ್ಯ ಹುಟ್ಟುತ್ತದೆ. ಹಾಸ್ಯಚಿತ್ರ ಬರೆಯುವವನಿಗೆ ಕಥೆ ಸಿಗುವುದು ಇಲ್ಲಿ. ಬರೀ ಕಿರುಚಾಟ ಎರಡನೆಯ ಸಲಕ್ಕೆ ಹಳತಾಗುತ್ತದೆ.

ಹೊರವಲಯದ ಎರಡು ಸಿಟ್ಟುಗಳು

ಬೆಂಗಳೂರಿನ ಹೊರವಲಯ ಇಂಥ ಕಥೆಗೆ ಒಳ್ಳೆಯ ನೆಲ. 1882ರಲ್ಲಿ ಆಂಗ್ಲೋ ಇಂಡಿಯನ್ನರ ವಸಾಹತಾಗಿ ಹುಟ್ಟಿದ ವೈಟ್‌ಫೀಲ್ಡ್ ಇಂದು ಗಾಜಿನ ಕಟ್ಟಡಗಳ ಊರು. ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರ ಕನಸಿನಂತೆ 1970ರ ದಶಕದ ಕೊನೆಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ಎದ್ದಿತು. ಪೀಣ್ಯ ಲೇತು, ಅಚ್ಚು, ಬಿಡಿಭಾಗಗಳ ಊರು. ಮೂರೂ ಕಡೆ ಬೇರೆ ಊರಿನಿಂದ ಬಂದ ಕುಟುಂಬಗಳು, ಪಾಳಿಯ ಕೆಲಸ, ದಾರಿಯಲ್ಲಿ ಕಳೆಯುವ ಗಂಟೆಗಳು. ಆಡಲು ಬಯಲಿದ್ದ ಕಡೆ ಈಗ ಲೇಔಟು. ಸಂಜೆ ಶಾಲೆಯಿಂದ ಬಂದ ಹುಡುಗನಿಗೆ ಜೊತೆಗಾರರು ಸಿಗುವುದು ಎಷ್ಟೋ ಸಲ ಮೊಬೈಲಿನೊಳಗೆ ಮಾತ್ರ.

ಇನ್ನೊಂದು ಸ್ವಾರಸ್ಯವಿದೆ. ಹುಡುಗರು ಆಡುವ ಆಟಗಳ ಕೆಲಸ ಇದೇ ನಗರದಲ್ಲೂ ನಡೆಯುತ್ತದೆ. ದೇಶದ ಮೊದಲ ಆಟ ತಯಾರಿಕಾ ಕಂಪನಿಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ ಅನ್ನು ರಾಜೇಶ್ ರಾವ್ ಅವರು 1997ರಲ್ಲಿ ಕಟ್ಟಿದ್ದು ಬೆಂಗಳೂರಿನಲ್ಲಿ. 2019ರಲ್ಲಿ ಅದು 'ಗ್ರ್ಯಾಂಡ್ ಥೆಫ್ಟ್ ಆಟೊ' ಖ್ಯಾತಿಯ ರಾಕ್‌ಸ್ಟಾರ್ ಸಂಸ್ಥೆಯ ಬೆಂಗಳೂರು ಶಾಖೆಯೊಡನೆ ಸೇರಿತು. ಒಂದು ಮನೆಯಲ್ಲಿ ಆಟದ ಕಾರನ್ನು ಚಿತ್ರಿಸಿ ಸುಸ್ತಾಗಿ ಬಂದವನು ಮಲಗಿರಬಹುದು. ಗೋಡೆಯ ಆಚೆ ಅದೇ ಕಾರು ಕೆರೆಗೆ ಬಿತ್ತೆಂದು ಹುಡುಗ ಕಿರುಚುತ್ತಿರಬಹುದು.

ಈಗ ವೈಟ್‌ಫೀಲ್ಡ್ ಕಡೆಯ ಇನ್ನೊಂದು ಮನೆಯನ್ನು ನೋಡಿ. ಒಂದು ಕೋಣೆಯಲ್ಲಿ ಮಗ, ಇನ್ನೊಂದರಲ್ಲಿ ಅಪ್ಪ. ಇಬ್ಬರ ಕಿವಿಗೂ ಹೆಡ್‌ಫೋನ್. ಇಬ್ಬರೂ ದೂರದ ಊರಿನವರೊಡನೆ ಮಾತಾಡುತ್ತಿದ್ದಾರೆ. ಅಮೆರಿಕದ ಗಿರಾಕಿ ಏನೋ ಅಂದಾಗ ಅಪ್ಪ ಮೈಕಿನ ಗುಂಡಿ ಒತ್ತಿ ಬಾಯಿ ಬಂದ್ ಮಾಡಿಕೊಳ್ಳುತ್ತಾನೆ, ಗೋಡೆಯ ಕಡೆ ತಿರುಗಿ ಅಚ್ಚ ಕನ್ನಡದಲ್ಲಿ ನಾಲ್ಕು ಮಾತು ಬೈಯುತ್ತಾನೆ. ಮತ್ತೆ ಗುಂಡಿ ಒತ್ತಿ ನಯವಾಗಿ 'ಶೂರ್' ಎನ್ನುತ್ತಾನೆ. ಮಗ ಆ ಗುಂಡಿ ಒತ್ತುವುದಿಲ್ಲ, ಅಷ್ಟೇ ವ್ಯತ್ಯಾಸ. ಆಮೇಲೆ ಅಪ್ಪ ಬಂದು 'ಎಲ್ಲಿ ಕಲಿತೆಯೋ ಈ ಮಾತನ್ನ?' ಎಂದು ಗದರಿದರೆ ಮಗ ಏನು ಹೇಳಬೇಕು? ಒಳ್ಳೆಯ ಹಾಸ್ಯಚಿತ್ರ ಆ ಪ್ರಶ್ನೆಗೆ ಉತ್ತರ ಕೊಡದೆ ಅಪ್ಪನ ಮುಖವನ್ನು ಒಂದು ಗಳಿಗೆ ತೋರಿಸಿದರೆ ಸಾಕು.

ನಗೆಯ ಎಲ್ಲೆ

ಇಷ್ಟು ಹೇಳಿದ ಮೇಲೆ ಒಂದು ಆತಂಕ ಏಳುವುದು ಸಹಜ. ಎಲ್ಲವನ್ನೂ ನಗೆ ಎಂದು ತೇಲಿಸಿಬಿಟ್ಟರೆ ನಿಜವಾದ ಕಾಯಿಲೆ ಕಾಣದೆ ಹೋಗದೇ? ಹೋಗಬಹುದು. ಅದಕ್ಕಾಗಿ ಎಲ್ಲೆ ಎಲ್ಲಿದೆ ಎಂದು ತಿಳಿದಿರಬೇಕು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ಚಟವೂ ಸೇರಿದೆ. ಅದರ ಲಕ್ಷಣಗಳು ಮೂರು. ಆಟದ ಮೇಲೆ ಹಿಡಿತ ತಪ್ಪುವುದು, ಊಟ, ನಿದ್ರೆ, ಓದು, ಸ್ನೇಹಗಳಿಗಿಂತ ಆಟವೇ ಮುಂದಾಗುವುದು, ಕೆಡುಕಾಗುತ್ತಿದೆ ಎಂದು ತಿಳಿದೂ ಬಿಡಲಾಗದಿರುವುದು. ಬದುಕು ಕುಂಟುವಷ್ಟರ ಮಟ್ಟಿಗೆ ಇವು ಸಾಮಾನ್ಯವಾಗಿ 12 ತಿಂಗಳ ಕಾಲವಾದರೂ ಕಂಡರೆ ಅದು ಕಾಯಿಲೆ. ಈ ಮೂರರಲ್ಲಿ ಸಿಟ್ಟು ಇಲ್ಲ ಎಂಬುದು ಗಮನಾರ್ಹ. ಸೋತಾಗ ಕಿರುಚಿದ ಮಾತ್ರಕ್ಕೆ ಹುಡುಗ ರೋಗಿಯಲ್ಲ. ಕಿರುಚದೆ ಸದ್ದಿಲ್ಲದೆ ರಾತ್ರಿಯೆಲ್ಲ ಆಡುವವನ ಕಡೆಗೇ ಹೆಚ್ಚು ಗಮನ ಬೇಕಾಗಬಹುದು. ಸಿಟ್ಟು ಕೈಮೀರಿ ಹೊಡೆತ ಬಡಿತಕ್ಕೆ ತಿರುಗಿದರಂತೂ ಅದು ಹಾಸ್ಯದ ಎಲ್ಲೆ ದಾಟಿದ ವಿಷಯ, ತಡಮಾಡಬಾರದು. ಇಂಥವರಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ 'ಶಟ್' ಎಂಬ ಚಿಕಿತ್ಸಾಲಯ ತೆರೆಯಿತು.

ಸರ್ಕಾರಗಳೂ ಸುಮ್ಮನೆ ಕುಳಿತಿಲ್ಲ. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ಪಬ್ಜಿ ಮೊಬೈಲ್ ಆಟವನ್ನು ನಿಷೇಧಿಸಿತು. ಅದಕ್ಕೆ ಮುಖ್ಯ ಕಾರಣವಾಗಿ ಹೇಳಿದ್ದು ದೇಶದ ಭದ್ರತೆ, ಮಕ್ಕಳ ಮನಸ್ಸಲ್ಲ. 2021ರಲ್ಲಿ ಅದೇ ಬಗೆಯ ಆಟ ಬೇರೆ ಹೆಸರಿನಲ್ಲಿ ಬಂತು. 2022ರಲ್ಲಿ ಅದನ್ನೂ ತೆಗೆದುಹಾಕಲಾಯಿತು. 2023ರಲ್ಲಿ ಮತ್ತೆ ಬಂದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಇತ್ತು. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗೆ ಪ್ರೋತ್ಸಾಹ ನೀಡುವ ಕಾನೂನು ಮಾಡಿತು. ಕಾನೂನು ಆಟದ ಅಂಗಡಿಯನ್ನು ಮುಚ್ಚಿಸಬಹುದು, ತೆರೆಸಬಹುದು. ಮುದ್ದೆಯ ತಟ್ಟೆ ಮತ್ತು ಪಂದ್ಯದ ಕೊನೆಯ ಐದು ನಿಮಿಷಗಳ ನಡುವಿನ ವ್ಯಾಜ್ಯ ಮಾತ್ರ ಮನೆಯಲ್ಲೇ ಬಗೆಹರಿಯಬೇಕು.

ಆ ಮನೆಯಲ್ಲಿ ಇಂದು ಒಂದು ಹೊಸ ಅಪಾಯ ಸೇರಿಕೊಂಡಿದೆ. ಹುಡುಗ ಕಿರುಚುವಾಗ ಅಣ್ಣನೋ ಅಕ್ಕನೋ ಸದ್ದಿಲ್ಲದೆ ವಿಡಿಯೊ ಮಾಡುತ್ತಾರೆ. ಅದು ಮನೆಯವರ ವಾಟ್ಸಪ್ ಗುಂಪಿಗೆ, ಅಲ್ಲಿಂದ ಶಾಲೆಯ ಗುಂಪಿಗೆ ಹೋಗುತ್ತದೆ. ಮರುದಿನ ಸಹಪಾಠಿಗಳು ಅವನ ದನಿಯನ್ನೇ ಅನುಕರಿಸಿ ಸ್ವಾಗತಿಸುತ್ತಾರೆ. ಜರ್ಮನ್ ಹುಡುಗ ತಾನೇ ಬಯಸಿ ನಟಿಸಿದ, ಆದರೂ ನೊಂದ. ಇಲ್ಲಿ ಹುಡುಗ ನಟಿಸಿಯೇ ಇಲ್ಲ. ಭರತ ನಗೆಯಲ್ಲಿ ಆರು ಬಗೆ ಹೇಳಿದ್ದಾನೆ. ಹಲ್ಲು ಕಾಣದ ಸ್ಮಿತದಿಂದ ಹಿಡಿದು, ಪಕ್ಕೆ ಹಿಡಿದುಕೊಂಡು ಕಣ್ಣೀರು ಸುರಿಸುವ ಅತಿಹಸಿತದವರೆಗೆ. ಸ್ಮಿತವನ್ನು ಉತ್ತಮರಿಗೆ, ಅತಿಹಸಿತವನ್ನು ಅಧಮರಿಗೆ ಹಂಚಿದ್ದಾನೆ. ಇಂದಿನ ಕಾಲಕ್ಕೆ ಆ ಹಂಚಿಕೆಯನ್ನು ಹೀಗೆ ಓದಬಹುದು: ಸಿಟ್ಟಾದವನು ಸಮಾಧಾನಗೊಂಡ ಮೇಲೆ ತಾನೂ ಕೂಡಿ ನಗಬಲ್ಲ ನಗೆ ಮೇಲಿನದು, ಅವನನ್ನು ಹೊರಗಿಟ್ಟು ನಗುವ ನಗೆ ಕೆಳಗಿನದು.

ಕೊನೆಯದಾಗಿ, ಆರಂಭದ ಮನೆಗೆ ಮರಳೋಣ. ಮಾಲೀಕರು ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದಾರೆ. ಫೋನಿನಲ್ಲಿ ಅಜ್ಜಿ ಅಳುತ್ತಿದ್ದಾಳೆ. ಹುಡುಗ ಅಮ್ಮನ ಕೈಯಿಂದ ಫೋನ್ ತೆಗೆದುಕೊಂಡು 'ನಂಗೇನೂ ಆಗಿಲ್ಲ ಅಜ್ಜಿ, ಆಟದಲ್ಲಿ ಸತ್ತದ್ದು' ಎನ್ನುತ್ತಾನೆ. 'ಯಾರೋ ಕೊಂದೋನು?' ಎಂದು ಅಜ್ಜಿ ಕೇಳುತ್ತಾಳೆ. ಹುಡುಗನಿಗೆ ಮೊದಲು ನಾಚಿಕೆ, ಆಮೇಲೆ ನಗೆ. ಮುದ್ದೆ ಆರಿದೆ. ತಾಯಿ ಸಾರು ಬಿಸಿ ಮಾಡುತ್ತಾ, ಬೈಯುವ ಬದಲು ಒಂದು ಮಾತು ಕೇಳುತ್ತಾಳೆ: 'ಒಂದು ಆಟ ಮುಗಿಯೋಕೆ ಎಷ್ಟು ಹೊತ್ತು ಬೇಕೋ? ಮೊದಲೇ ಹೇಳಿದ್ರೆ ಮುದ್ದೆ ಆಮೇಲೆ ಇಡ್ತಿದ್ದೆ.' ಹುಡುಗ ಲೆಕ್ಕ ಹೇಳುತ್ತಾನೆ. ಮಾಲೀಕರೂ ನಿಂತು ಕೇಳಿಸಿಕೊಳ್ಳುತ್ತಾರೆ.